ಗೊರಕೆಗೂ ದವಡೆಗೂ ಏನು ನಂಟು?

ರಾತ್ರಿಯೆಲ್ಲ ಗೊರಕೆ, ಹಗಲೆಲ್ಲ ತೂಕಡಿಕೆ ಎಂದು ಡಾಕ್ಟರ ಬಳಿ ಹೋದವರ ಕೈಗೆ ‘ಲ್ಯಾಟರಲ್ ಸೆಫಲೋಗ್ರಾಮ್ ತೆಗೆಸಿ’ ಎಂಬ ಚೀಟಿ ಬಂದರೆ ತಲೆ ಕೆರೆದುಕೊಳ್ಳುವಂತಾಗುತ್ತದೆ. ತೊಂದರೆ ಇರುವುದು ಗಂಟಲಲ್ಲಿ, ಚಿತ್ರ ತೆಗೆಯುವುದು ತಲೆಬುರುಡೆಯದ್ದು, ಹೋಗಬೇಕಾದದ್ದು ಹಲ್ಲಿನ ಆಸ್ಪತ್ರೆಗೆ! ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯ ಓದುಗರು ಈ ಅಂಕಣಕ್ಕೆ ಮತ್ತೆ ಮತ್ತೆ ಕೇಳುವುದೂ ಇದನ್ನೇ: ಗೊರಕೆಗೆ ಎಕ್ಸ್‌ರೇ ಯಾಕೆ? ಅದರಲ್ಲಿ ಕಾಯಿಲೆ ಕಾಣಿಸುತ್ತದೆಯೇ? ಕಾಣಿಸದಿದ್ದರೆ ಕಾಯಿಲೆ ಇಲ್ಲವೆಂದೇ?

ಎರಡನೆಯ ಪ್ರಶ್ನೆಗೆ ಉತ್ತರ ‘ಇಲ್ಲ’, ಮೂರನೆಯದಕ್ಕೆ ‘ಹಾಗೇನಲ್ಲ’. ಮೊದಲನೆಯದಕ್ಕೆ ಮಾತ್ರ ಸ್ವಲ್ಪ ಉದ್ದದ ಕತೆ ಹೇಳಬೇಕು.

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎನ್ನುತ್ತೇವೆ. ಸಂತೆಯಲ್ಲಿ, ಬಸ್ಸಿನಲ್ಲಿ, ಸಭೆಯ ನಡುವೆ, ಊಟದ ತಟ್ಟೆಯ ಮುಂದೆ ಕಣ್ಣು ಮುಚ್ಚುವ ಎಲ್ಲರೂ ನಿಶ್ಚಿಂತರಲ್ಲ. ಅವರಲ್ಲಿ ಕೆಲವರು ಹಿಂದಿನ ರಾತ್ರಿ ನೂರಾರು ಸಲ ಉಸಿರುಕಟ್ಟಿ ಎಚ್ಚರಗೊಂಡವರು. ಆ ಎಚ್ಚರಗಳಲ್ಲಿ ಒಂದೂ ಅವರಿಗೆ ನೆನಪಿರುವುದಿಲ್ಲ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಎದೆ ಏರಿಳಿಯುತ್ತಿದ್ದರೂ ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಬಿದ್ದು ಒಂದು ಕ್ಷಣ ಎಬ್ಬಿಸುತ್ತದೆ, ದೊಡ್ಡ ಗೊರಕೆಯೊಂದಿಗೆ ದಾರಿ ತೆರೆಯುತ್ತದೆ. ಮತ್ತೆ ನಿದ್ದೆ, ಮತ್ತೆ ಅದೇ ಪಾಡು. ಹೀಗೆ ಕನಿಷ್ಠ 10 ಸೆಕೆಂಡ್ ಉಸಿರು ನಿಂತರೆ ಅದನ್ನು ಒಂದು ಆಪ್ನಿಯಾ ಎಂದು ಎಣಿಸುತ್ತಾರೆ. ಪೂರ್ತಿ ನಿಲ್ಲದೆ ಉಸಿರು ಸಣ್ಣದಾದದ್ದನ್ನೂ ಸೇರಿಸಿ ಗಂಟೆಗೆ ಸರಾಸರಿ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. 5ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದಕ್ಕೂ ಮೇಲೆ ತೀವ್ರ.

ಕರ್ನಾಟಕದಲ್ಲಿ ಈ ಕಾಯಿಲೆಯ ಸ್ಲೀಪ್ ಆಪ್ನಿಯಾ ಎಂಬ ಹೆಸರನ್ನು ಮನೆಮಾತಾಗಿಸಿದ್ದು ಯಾವ ವೈದ್ಯಕೀಯ ಜಾಗೃತಿ ಶಿಬಿರವೂ ಅಲ್ಲ. ಸಿದ್ದರಾಮಯ್ಯ ಅವರು ಮೊದಲ ಸಲ ಮುಖ್ಯಮಂತ್ರಿಯಾಗಿದ್ದಾಗ ಸಭೆ ಸಮಾರಂಭಗಳಲ್ಲಿ ತೂಕಡಿಸುವ ಚಿತ್ರಗಳು ಪತ್ರಿಕೆ, ಟಿವಿಗಳಲ್ಲಿ ಬಂದವು, ವ್ಯಂಗ್ಯಚಿತ್ರಗಳಾದವು, ವಿರೋಧಿಗಳ ಭಾಷಣಕ್ಕೆ ಸರಕಾದವು. ತಮಗೆ ಸ್ಲೀಪ್ ಆಪ್ನಿಯಾ ಇತ್ತು ಎಂದು ಆಮೇಲೆ ಅವರೇ ಬಹಿರಂಗವಾಗಿ ಹೇಳಿದರು. ನಗೆಯಾಡಿದವರಲ್ಲಿ ಎಷ್ಟು ಮಂದಿ ಮನೆಗೆ ಹೋಗಿ ತಮ್ಮ ಗೊರಕೆಯ ಬಗ್ಗೆ ಹೆಂಡತಿಯನ್ನು ವಿಚಾರಿಸಿದರೋ! 2022ರ ಫೆಬ್ರುವರಿಯಲ್ಲಿ ಮುಂಬೈಯಲ್ಲಿ ತೀರಿಕೊಂಡ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ (ಕನ್ನಡಿಗರಿಗೆ ‘ಆಫ್ರಿಕಾದಲ್ಲಿ ಶೀಲಾ’ ಚಿತ್ರದ ಬಪ್ಪಿ) ಅವರ ಸಾವಿಗೂ ಇದೇ ಕಾಯಿಲೆ ಕಾರಣವೆಂದು ಅವರಿಗೆ ಚಿಕಿತ್ಸೆ ನೀಡಿದ ವೈದ್ಯರು ತಿಳಿಸಿದ್ದರು. ದೆಹಲಿಯ ಏಮ್ಸ್ ವೈದ್ಯರು ಭಾರತದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ದೇಶದ ದುಡಿಯುವ ವಯಸ್ಸಿನವರಲ್ಲಿ ಸುಮಾರು 10.4 ಕೋಟಿ ಜನರಿಗೆ ಇದು ಇದೆ. ಗಂಡಸರಲ್ಲಿ ಶೇ. 13, ಹೆಂಗಸರಲ್ಲಿ ಶೇ. 5.

ಈ ಇಬ್ಬರು ಪ್ರಸಿದ್ಧರ ನೆನಪೇ ಒಂದು ತಪ್ಪು ಕಲ್ಪನೆಗೂ ಇಂಬು ಕೊಟ್ಟಿದೆ. ಇದು ದಪ್ಪಗಿರುವವರ, ದೊಡ್ಡವರ, ಕೂತು ಉಣ್ಣುವವರ ಕಾಯಿಲೆ ಎಂಬ ಕಲ್ಪನೆ ಅದು. ಬೊಜ್ಜು ದೊಡ್ಡ ಕಾರಣ, ಸಂದೇಹವಿಲ್ಲ. ಆದರೆ ಅಡಿಕೆ ತೋಟದಲ್ಲಿ ದಿನವಿಡೀ ದುಡಿದು ಕಡ್ಡಿಯಂತಿರುವ ಆಳಿಗೂ ಇದು ಬರಬಹುದು. ಏಷ್ಯಾದ ಜನರಲ್ಲಿ ಕಡಿಮೆ ತೂಕಕ್ಕೇ ಆಪ್ನಿಯಾ ಕಾಣಿಸಿಕೊಳ್ಳುತ್ತದೆ ಎಂದು ಅಧ್ಯಯನಗಳು ಹೇಳುತ್ತಾ ಬಂದಿವೆ. ಅದಕ್ಕೊಂದು ಕಾರಣ ಮಾಂಸದಲ್ಲಲ್ಲ, ಮೂಳೆಯಲ್ಲಿದೆ. ಕೆಳದವಡೆ ಗಿಡ್ಡ, ಗದ್ದ ಹಿಂದಕ್ಕೆ, ಮುಖದ ಚೌಕಟ್ಟು ಕಿರಿದು. ಆದರೆ ನಾಲಿಗೆ ಮಾತ್ರ ಎಲ್ಲರಷ್ಟೇ ದೊಡ್ಡದು. ಜಾಗ ಸಾಲದ ನಾಲಿಗೆ ಹೋಗುವುದೆಲ್ಲಿಗೆ? ಹಿಂದಕ್ಕೆ, ಉಸಿರಿನ ದಾರಿಯ ಮೇಲೆಯೇ.

ಗೊರಕೆಯ ವಿಚಾರಣೆ ಹಲ್ಲಿನ ಡಾಕ್ಟರ ಬಾಗಿಲಿಗೆ ಬಂದದ್ದು ಹೀಗೆ. ದವಡೆಗಳನ್ನು ಮಿಲಿಮೀಟರ್ ಲೆಕ್ಕದಲ್ಲಿ, ಡಿಗ್ರಿ ಲೆಕ್ಕದಲ್ಲಿ ಅಳೆಯುವ ವಿದ್ಯೆ ಬಹಳ ಹಿಂದಿನಿಂದ ಅವರಲ್ಲೇ ಇದೆ. ವಕ್ರದಂತಕ್ಕೆ ಕ್ಲಿಪ್ ಹಾಕುವ ಆರ್ಥೊಡಾಂಟಿಸ್ಟರು 1931ರಿಂದ ಅಳೆಯುತ್ತಿದ್ದಾರೆ. ಆ ವರ್ಷ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಹಾಲಿ ಬ್ರಾಡ್‌ಬೆಂಟ್, ಜರ್ಮನಿಯಲ್ಲಿ ಹೋಫ್ರಾತ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ತಲೆಯನ್ನು ಅಲುಗಾಡದಂತೆ ಹಿಡಿದು ಪ್ರತಿ ಸಲವೂ ಒಂದೇ ಕೋನದಲ್ಲಿ, ಒಂದೇ ದೂರದಿಂದ ಎಕ್ಸ್‌ರೇ ತೆಗೆಯುವ ಕ್ರಮವನ್ನು ಪ್ರಕಟಿಸಿದರು. ಹಾಗೆ ಪಕ್ಕದಿಂದ ತೆಗೆದ ಚಿತ್ರವೇ ಲ್ಯಾಟರಲ್ ಸೆಫಲೋಗ್ರಾಮ್. ಅದಕ್ಕೂ ಮೊದಲೇ ತಲೆಬುರುಡೆ ಅಳೆಯುತ್ತಿದ್ದವರು ಮಾನವಶಾಸ್ತ್ರಜ್ಞರು. ಒಬ್ಬೊಬ್ಬರು ಒಂದೊಂದು ಓರೆಯಲ್ಲಿ ಬುರುಡೆ ಇಟ್ಟು ಅಳೆದರೆ ಲೆಕ್ಕ ತಾಳೆಯಾಗುವುದಿಲ್ಲವೆಂದು 1880ರ ದಶಕದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಸೇರಿ ಒಂದು ಗೆರೆಗೆ ಒಪ್ಪಿಕೊಂಡರು. ಕಿವಿಯ ತೂತಿನ ಮೇಲಂಚಿನಿಂದ ಕಣ್ಣುಗುಳಿಯ ಕೆಳಅಂಚಿಗೆ ಎಳೆದ ಗೆರೆ ಅದು. ಇಂದಿಗೂ ಹಲ್ಲಿನ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ತಂತ್ರಜ್ಞರು ರೋಗಿಯ ತಲೆಯನ್ನು ಮೇಲೆ ಕೆಳಗೆ ಸರಿಮಾಡುವುದು ಆ ಗೆರೆ ನೆಲಕ್ಕೆ ಸಮಾಂತರವಾಗಲಿ ಎಂದೇ.

ಚಿತ್ರ ತೆಗೆಸಿಕೊಳ್ಳುವುದರಲ್ಲಿ ಕಷ್ಟವೇನಿಲ್ಲ, ಶಿಸ್ತು ಬೇಕು. ನೆಟ್ಟಗೆ ನಿಲ್ಲಬೇಕು. ಎರಡು ಕಿವಿಗೂ ಸಣ್ಣ ಕಡ್ಡಿಗಳು ಬಂದು ಕೂರುತ್ತವೆ, ಮೂಗಿನ ಬುಡಕ್ಕೆ ಒಂದು ಆಸರೆ. ಎಕ್ಸ್‌ರೇ ಕೊಳವೆ ತಲೆಯ ನಡುಗೆರೆಯಿಂದ ಐದು ಅಡಿ ದೂರದಲ್ಲಿರುತ್ತದೆ. ಹಲ್ಲು ಕಚ್ಚಿ, ತುಟಿ ಸಡಿಲ ಬಿಟ್ಟು, ನಿಧಾನವಾಗಿ ಉಸಿರು ಹೊರಬಿಟ್ಟ ಕೊನೆಯಲ್ಲಿ ಗುಂಡಿ ಒತ್ತುತ್ತಾರೆ. ಆ ಕ್ಷಣ ಎಂಜಲು ನುಂಗಬಾರದು. ಹಲ್ಲಿಗಾಗಿ ತೆಗೆಯುವಾಗ ಈ ಕೊನೆಯ ಎರಡು ಸೂಚನೆಗಳಿಗೆ ಅಷ್ಟು ಮಹತ್ವವಿಲ್ಲ, ಗಂಟಲಿಗಾಗಿ ತೆಗೆಯುವಾಗ ಅವೇ ಮುಖ್ಯ. ನುಂಗಿದರೆ ಅಂಗುಳ, ನಾಲಿಗೆಯ ಬುಡ, ನಾಲಿಗೆಯ ಕೆಳಗಿನ ಮೂಳೆ ಎಲ್ಲವೂ ಜಾಗ ಬದಲಿಸುತ್ತವೆ, ಅಳತೆಗೆ ಅರ್ಥ ಉಳಿಯುವುದಿಲ್ಲ. ವಿಕಿರಣದ ಭಯ ಇಟ್ಟುಕೊಂಡವರಿಗೆ ಒಂದು ಮಾತು: ಡಿಜಿಟಲ್ ಯಂತ್ರದಲ್ಲಿ ಈ ಒಂದು ಚಿತ್ರಕ್ಕೆ ತಗಲುವುದು ಐದಾರು ಮೈಕ್ರೋಸೀವರ್ಟ್ ಅಥವಾ ಅದಕ್ಕೂ ಕಡಿಮೆ. ನೆಲದಿಂದ, ಆಕಾಶದಿಂದ, ತಿನ್ನುವ ಅನ್ನದಿಂದ ಒಬ್ಬ ಮನುಷ್ಯನಿಗೆ ಒಂದು ದಿನದಲ್ಲಿ ಸಹಜವಾಗಿ ಬರುವ ವಿಕಿರಣವೂ ಜಗತ್ತಿನ ಸರಾಸರಿಯಲ್ಲಿ ಹೆಚ್ಚುಕಡಿಮೆ ಅಷ್ಟೇ.

ಚಿತ್ರ ಕೈಗೆ ಬಂದ ಮೇಲೆ ನಿಜವಾದ ಕೆಲಸ ಶುರು. ಹಿಂದೆ ದಂತ ಕಾಲೇಜುಗಳ ವಿದ್ಯಾರ್ಥಿಗಳು ಬೆಳಕಿನ ಪೆಟ್ಟಿಗೆಯ ಮೇಲೆ ಫಿಲಂ ಇಟ್ಟು, ಅದರ ಮೇಲೆ ಪಾರದರ್ಶಕ ಹಾಳೆ ಹಾಸಿ, ಚೂಪು ಪೆನ್ಸಿಲಿನಲ್ಲಿ ಮೂಳೆಗಳ ಅಂಚನ್ನು ಬರೆದು, ಸ್ಕೇಲು ಕೋನಮಾಪಕ ಹಿಡಿದು ಅಳೆಯುತ್ತಿದ್ದರು. ಈಗ ಕಂಪ್ಯೂಟರ್ ಪರದೆಯ ಮೇಲೆ ಚುಕ್ಕೆ ಇಟ್ಟರೆ ಸಾಕು, ಗೆರೆ ಅದೇ ಎಳೆಯುತ್ತದೆ. ಚುಕ್ಕೆಗಳನ್ನೂ ತಾನೇ ಇಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳೂ ಬಂದಿವೆ. ಯಂತ್ರ ಇಟ್ಟ ಚುಕ್ಕೆಯನ್ನು ಕಣ್ಣು ಮುಚ್ಚಿ ಒಪ್ಪಬಾರದು ಎಂದು ಅನುಭವಿಗಳು ಎಚ್ಚರಿಸುತ್ತಾರೆ. ದವಡೆಯ ಮೂಲೆಯಂಥ ಬಿಂದುವನ್ನು ಇಬ್ಬರು ನುರಿತವರು ಗುರುತಿಸಿದರೂ ಒಂದೆರಡು ಮಿಲಿಮೀಟರ್ ಆಚೀಚೆ ಆಗುತ್ತದೆ. ಅದರ ಮೇಲೆ, ನೆರಳು ಮೂಲಕ್ಕಿಂತ ಸುಮಾರು ಹತ್ತನೇ ಒಂದು ಭಾಗ ಹಿಗ್ಗಿರುತ್ತದೆ, ಅದನ್ನೂ ಕಳೆಯಬೇಕು.

ಅಳೆಯುವುದು ಏನನ್ನು? ಪುಸ್ತಕಗಳಲ್ಲಿ ಹತ್ತಾರು ಅಳತೆಗಳಿವೆ. ಗೊರಕೆಯ ಮಟ್ಟಿಗೆ ಮೂರ್ನಾಲ್ಕನ್ನು ತಿಳಿದರೆ ಚೀಟಿಯಲ್ಲಿ ಬರೆದದ್ದು ಅರ್ಥವಾಗುತ್ತದೆ. ತಲೆಬುರುಡೆಯ ನಡುವೆ ಪಿಟ್ಯುಟರಿ ಗ್ರಂಥಿ ಕೂರುವ ಗುಳಿಯಿದೆ. ಅಲ್ಲಿಂದ ಮೂಗಿನ ಬುಡಕ್ಕೆ ಒಂದು ಗೆರೆ, ಮೂಗಿನ ಬುಡದಿಂದ ಮೇಲ್ದವಡೆಗೆ ಇನ್ನೊಂದು. ಇವುಗಳ ನಡುವಿನ ಕೋನ ಸಾಮಾನ್ಯವಾಗಿ 82 ಡಿಗ್ರಿಯ ಆಸುಪಾಸು. ಹಾಗೆಯೇ ಕೆಳದವಡೆಗೆ ಎಳೆದರೆ 80. ಈ ಎರಡನೆಯದು 75, 74ಕ್ಕೆ ಇಳಿದಿದ್ದರೆ ಕೆಳದವಡೆ ಹಿಂದೆ ಉಳಿದಿದೆ ಎಂದರ್ಥ. ಎರಡನೆಯ ಅಳತೆ ಮೃದು ಅಂಗುಳದ್ದು. ಗಟ್ಟಿ ಅಂಗುಳ ಮುಗಿಯುವಲ್ಲಿಂದ ಕಿರುನಾಲಿಗೆಯ ತುದಿಯವರೆಗೆ ಸುಮಾರು 37 ಮಿಲಿಮೀಟರ್ ಇರಬೇಕಾದದ್ದು ಆಪ್ನಿಯಾ ಇರುವವರಲ್ಲಿ ಉದ್ದವಾಗಿ ಜೋತುಬಿದ್ದಿರುತ್ತದೆ. ಮೂರನೆಯದು ನಾಲಿಗೆಯ ಬುಡಕ್ಕೂ ಗಂಟಲ ಹಿಂಗೋಡೆಗೂ ನಡುವಿನ ತೆರಪು. ಇದು 11 ಮಿಲಿಮೀಟರಿನ ಆಸುಪಾಸಿನಲ್ಲಿರಬೇಕು. ಐದಾರಕ್ಕೆ ಇಳಿದಿದ್ದರೆ ಡಾಕ್ಟರು ಹುಬ್ಬೇರಿಸುತ್ತಾರೆ.

ನಾಲ್ಕನೆಯದು ಎಲ್ಲಕ್ಕಿಂತ ಸ್ವಾರಸ್ಯದ್ದು. ಕುತ್ತಿಗೆಯ ಮುಂಭಾಗದಲ್ಲಿ, ಗಂಟಲಗಂಟಿಗಿಂತ ತುಸು ಮೇಲೆ, ಕುದುರೆ ಲಾಳದ ಆಕಾರದ ಹಯಾಯ್ಡ್ ಎಂಬ ಪುಟ್ಟ ಮೂಳೆಯಿದೆ. ದೇಹದ ಇನ್ನಾವ ಮೂಳೆಯೊಂದಿಗೂ ಕೀಲಾಗಿ ಜೋಡಣೆಯಾಗದೆ ಸ್ನಾಯು, ತಂತುಗಳ ಆಧಾರದಲ್ಲಿ ತೂಗಿಕೊಂಡಿರುವ ಮೂಳೆ ಇದು. ನಾಲಿಗೆಯ ಬುಡ ಕಟ್ಟಿಕೊಂಡಿರುವುದು ಇದಕ್ಕೇ. ಕೆಳದವಡೆಯ ಕೆಳಅಂಚಿನಿಂದ ಇದಕ್ಕೆ ಸುಮಾರು 15 ಮಿಲಿಮೀಟರ್ ಅಂತರ ಸಾಮಾನ್ಯ. ಆಪ್ನಿಯಾ ಇರುವವರಲ್ಲಿ ಅದು 20, 25 ಹೀಗೆ ಕೆಳಗಿಳಿದಿರುತ್ತದೆ. ಮೂಳೆ ಕೆಳಗಿಳಿದಷ್ಟೂ ಗಂಟಲ ಕೊಳವೆ ಉದ್ದ. ಮೂಗಿಗೆ ಮೂಳೆಯ ಗೋಡೆಯಿದೆ, ಶ್ವಾಸನಾಳಕ್ಕೆ ಮೃದ್ವಸ್ಥಿಯ ಬಳೆಗಳಿವೆ, ನಡುವಿನ ಗಂಟಲಿಗೆ ಮಾತ್ರ ಮಾಂಸದ ಗೋಡೆಯೇ ಗತಿ. ಅಂಥ ಮೆತ್ತನೆಯ ಕೊಳವೆ ಉದ್ದವಾದಷ್ಟೂ ಕುಸಿಯುವುದು ಸುಲಭ.

ಚಿತ್ರದುರ್ಗದವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಿಲ್ಲ. ಏಳು ಸುತ್ತಿನ ಕೋಟೆಯ ಹಣೆಬರಹ ತೂಗಿದ್ದು ಒಬ್ಬ ಮನುಷ್ಯ ನುಸುಳುವಷ್ಟು ಅಗಲದ ಓಬವ್ವನ ಕಿಂಡಿಯಲ್ಲಿ. ಉಸಿರಿನ ದಾರಿಯಲ್ಲೂ ಒಟ್ಟು ಎಷ್ಟು ಜಾಗವಿದೆ ಎನ್ನುವುದಕ್ಕಿಂತ ಅತಿ ಇಕ್ಕಟ್ಟಿನ ಜಾಗ ಎಲ್ಲಿದೆ, ಎಷ್ಟಿದೆ ಎನ್ನುವುದೇ ಮುಖ್ಯ. ಸೆಫಲೋಗ್ರಾಮ್ ಹುಡುಕುವುದು ಆ ಕಿಂಡಿಯನ್ನು.

ಹುಡುಕುವ ಅಗತ್ಯ ಬಿದ್ದದ್ದಕ್ಕೂ ಹಿನ್ನೆಲೆಯಿದೆ. 1981 ಗೊರಕೆಯ ಇತಿಹಾಸದಲ್ಲಿ ದೊಡ್ಡ ವರ್ಷ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ವ್ಯಾಕ್ಯೂಮ್ ಕ್ಲೀನರಿನ ಮೋಟರನ್ನು ಗಾಳಿ ಎಳೆಯುವ ಬದಲು ಊದುವಂತೆ ಮಾಡಿ, ಮೂಗಿನ ಮೂಲಕ ಒತ್ತಡದ ಗಾಳಿ ಕೊಟ್ಟು ಗಂಟಲು ಮುಚ್ಚದಂತೆ ತಡೆದರು. ಇಂದಿನ ಸಿಪ್ಯಾಪ್ ಯಂತ್ರದ ಮೂಲ ಅದೇ. ಅದೇ ವರ್ಷ ಅಮೆರಿಕದಲ್ಲಿ ಫುಜಿತಾ ಎಂಬ ಶಸ್ತ್ರವೈದ್ಯರು ಮೃದು ಅಂಗುಳವನ್ನೂ ಕಿರುನಾಲಿಗೆಯನ್ನೂ ಕತ್ತರಿಸಿ ದಾರಿ ಅಗಲ ಮಾಡುವ ಶಸ್ತ್ರಕ್ರಿಯೆಯನ್ನು ಪ್ರಕಟಿಸಿದರು. ಜಗತ್ತಿನೆಲ್ಲೆಡೆ ಅಂಗುಳ ಕತ್ತರಿಸಿದ್ದೇ ಕತ್ತರಿಸಿದ್ದು. ಕೆಲವರಿಗೆ ಗುಣವಾಯಿತು, ಹಲವರಿಗೆ ಆಗಲಿಲ್ಲ. 1996ರಲ್ಲಿ ಹಳೆಯ ವರದಿಗಳನ್ನೆಲ್ಲ ಒಟ್ಟು ಮಾಡಿ ನೋಡಿದಾಗ ಆಯ್ಕೆಯಿಲ್ಲದೆ ಎಲ್ಲರಿಗೂ ಮಾಡಿದ ಈ ಶಸ್ತ್ರಕ್ರಿಯೆ ಫಲ ಕೊಟ್ಟದ್ದು ನೂರಕ್ಕೆ ಸುಮಾರು 40 ಮಂದಿಗೆ. ಇಕ್ಕಟ್ಟು ನಾಲಿಗೆಯ ಬುಡದಲ್ಲಿರುವವನಿಗೆ ಅಂಗುಳ ಕತ್ತರಿಸಿ ಏನು ಬಂತು?

ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿ ರೈಲಿ, ಪೊವೆಲ್ ಎಂಬ ಶಸ್ತ್ರವೈದ್ಯರು ನಿದ್ರಾತಜ್ಞ ಗಿಯೆಮಿನೊ ಜೊತೆ ಸೇರಿ 1983ರಲ್ಲಿ ಆಪ್ನಿಯಾ ರೋಗಿಗಳ ಸೆಫಲೋಗ್ರಾಮ್ ಅಳತೆಗಳನ್ನು ಪ್ರಕಟಿಸಿದ್ದು ಈ ಹೊತ್ತಿನಲ್ಲಿ. ಹಯಾಯ್ಡ್ ಕೆಳಗಿಳಿದಿರುವುದು, ನಾಲಿಗೆಯ ಹಿಂದಿನ ತೆರಪು ಕಿರಿದಾಗಿರುವುದು, ಅಂಗುಳ ಉದ್ದವಾಗಿರುವುದು ಅಲ್ಲಿ ಎದ್ದು ಕಂಡಿತು. ಅಂಥವರಿಗೆ ಎರಡೂ ದವಡೆಗಳನ್ನು ಕತ್ತರಿಸಿ ಮುಂದೆ ತರುವ ಶಸ್ತ್ರಕ್ರಿಯೆಯನ್ನೂ ಅವರೇ ಬೆಳೆಸಿದರು. ಆಮೇಲೆ ಬಂದ ಅಧ್ಯಯನಗಳಿಗೆ ಲೆಕ್ಕವಿಲ್ಲ. ಅವುಗಳನ್ನು ಸೋಸಿ ಒಟ್ಟು ಮಾಡಿದ ಒಂದು ಮುಖ್ಯ ಕೆಲಸ ನಮ್ಮ ದೇಶದ್ದೇ. ಚಂಡೀಗಢದ ಸಂಶೋಧಕರೂ ದೆಹಲಿ ಏಮ್ಸ್‌ನ ದಂತವೈದ್ಯರೂ ಸೇರಿ 2017ರಲ್ಲಿ ಪ್ರಕಟಿಸಿದ ಆ ವಿಶ್ಲೇಷಣೆಯಲ್ಲೂ ಕೆಳಗಿಳಿದ ಹಯಾಯ್ಡ್, ಕಿರಿದಾದ ಗಂಟಲು, ಉದ್ದಗಾದ ಕೆಳಮುಖ ಎದ್ದು ಕಾಣುತ್ತವೆ.

ಇಷ್ಟೆಲ್ಲ ಕಂಡ ಮೇಲೆ ಎಕ್ಸ್‌ರೇಯೇ ಸಾಕಲ್ಲ, ರಾತ್ರಿಯಿಡೀ ಮೈತುಂಬ ವೈರು ಅಂಟಿಸಿಕೊಂಡು ಮಲಗುವ ಪರೀಕ್ಷೆ ಯಾಕೆ ಎನಿಸುವುದು ಸಹಜ. ಸಾಲದು. ಚಿತ್ರ ತೆಗೆದದ್ದು ಎಚ್ಚರವಿರುವಾಗ, ನಿಂತಿರುವಾಗ. ಕಾಯಿಲೆ ಬರುವುದು ನಿದ್ದೆಯಲ್ಲಿ, ಮಲಗಿರುವಾಗ. ಅಂಗಾತ ಮಲಗಿದರೆ ನಾಲಿಗೆ ತನ್ನ ಭಾರಕ್ಕೇ ಹಿಂದೆ ಬೀಳುತ್ತದೆ, ಸ್ನಾಯುವಿನ ಬಿಗಿ ಹೋಗುತ್ತದೆ. ಇದಾವುದೂ ಫಿಲಂ ಮೇಲೆ ಮೂಡುವುದಿಲ್ಲ. ಇನ್ನೊಂದು, ಪಕ್ಕದಿಂದ ತೆಗೆದ ನೆರಳಿನಲ್ಲಿ ಹಿಂದು ಮುಂದಿನ ಅಳತೆ ಸಿಗುತ್ತದೆಯೇ ಹೊರತು ಎಡಬಲದ್ದಲ್ಲ. ಗಂಟಲ ಪಕ್ಕದ ಗೋಡೆಗಳು ಒಳಕ್ಕೆ ಕುಸಿಯುವವರ ಚಿತ್ರ ಅಚ್ಚುಕಟ್ಟಾಗಿಯೇ ಕಂಡೀತು. 11ರ ಬದಲು 7 ಮಿಲಿಮೀಟರ್ ಇದ್ದು ಹಾಯಾಗಿ ನಿದ್ದೆ ಮಾಡುವವರೂ ಇದ್ದಾರೆ, 12 ಇದ್ದು ಗಂಟೆಗೆ ನಲವತ್ತು ಸಲ ಉಸಿರುಗಟ್ಟುವವರೂ ಇರಬಹುದು. ಅಮೆರಿಕದ ಆರ್ಥೊಡಾಂಟಿಸ್ಟರ ಸಂಘ 2019ರಲ್ಲಿ ಹೊರತಂದ ಮಾರ್ಗದರ್ಶಿಯಲ್ಲಿ ಈ ಮಾತು ನಿಚ್ಚಳವಾಗಿದೆ: ದಂತವೈದ್ಯರು ಆಪ್ನಿಯಾ ಶಂಕಿತರನ್ನು ಗುರುತಿಸಲಿ, ಆದರೆ ಎಕ್ಸ್‌ರೇಯನ್ನಾಗಲೀ ಮೂರು ಆಯಾಮದ ಸ್ಕ್ಯಾನನ್ನಾಗಲೀ ನೋಡಿ ಕಾಯಿಲೆ ನಿರ್ಧರಿಸಬಾರದು. ಕ್ಲಿಪ್ ಹಾಕಲು ಹಲ್ಲು ಕಿತ್ತರೆ ಮುಂದೆ ಗೊರಕೆ ಬರುತ್ತದೆ ಎಂಬ ಸುದ್ದಿಗೂ ಅದೇ ಮಾರ್ಗದರ್ಶಿ ಆಧಾರವಿಲ್ಲ ಎಂದಿದೆ. ಮಗಳಿಗೆ ಹಲ್ಲು ಕೀಳಿಸಿ ಚಿಂತೆಗೆ ಬಿದ್ದ ತಂದೆತಾಯಿ ನಿಶ್ಚಿಂತರಾಗಬಹುದು.

ಹಾಗಾದರೆ ಕಾಯಿಲೆ ನಿರ್ಧರಿಸಲಾಗದ ಈ ಅಳತೆಗಳಿಗೆ ಚಿತ್ರದುರ್ಗದಂಥ ಜಿಲ್ಲೆಯಲ್ಲಿ ಏನು ಬೆಲೆ? ಈ ಅಂಕಣದ ಮಟ್ಟಿಗೆ ಬೆಲೆ ಇರುವುದು ಇಲ್ಲಿಯೇ. ಮಿದುಳಿನ ಅಲೆ, ಕಣ್ಣಿನ ಚಲನೆ, ಮೂಗಿನ ಗಾಳಿ, ಎದೆಯ ಏರಿಳಿತ, ಆಮ್ಲಜನಕ ಎಲ್ಲವನ್ನೂ ರಾತ್ರಿಯಿಡೀ ದಾಖಲಿಸುವ ಪೂರ್ಣ ಪ್ರಮಾಣದ ನಿದ್ರಾ ಪರೀಕ್ಷೆ ಎಂದರೆ ನಮ್ಮ ಕಡೆಯವರಿಗೆ ಇಂದಿಗೂ ಮನಸ್ಸಿಗೆ ಬರುವುದು ಇನ್ನೂರು ಕಿಲೋಮೀಟರ್ ದೂರದ ಬೆಂಗಳೂರು, ಅಲ್ಲಿನ ನಿಮ್ಹಾನ್ಸ್ ಅಥವಾ ದೊಡ್ಡ ಖಾಸಗಿ ಆಸ್ಪತ್ರೆಗಳು. ದುಡಿಮೆ ಬಿಟ್ಟು, ಜೊತೆಗೊಬ್ಬರನ್ನು ಕಟ್ಟಿಕೊಂಡು, ‘ಬರೀ ಗೊರಕೆ’ಗಾಗಿ ಅಲ್ಲಿಗೆ ಹೋಗಿ ಮಲಗಿ ಬರುವವರು ಎಷ್ಟು? ಮನೆಯಲ್ಲೇ ಮಲಗಿ ದಾಖಲಿಸುವ ಸಣ್ಣ ಯಂತ್ರಗಳು ಬಂದು ಈ ಕಷ್ಟ ಸ್ವಲ್ಪ ತಗ್ಗಿದೆ, ನಿಜ. ಆದರೂ ಯಾರನ್ನು ಮೊದಲು ಕಳಿಸಬೇಕು ಎಂಬ ಪ್ರಶ್ನೆ ಉಳಿಯುತ್ತದೆ.

ಅತ್ತ ಸೆಫಲೋಗ್ರಾಮ್ ಹತ್ತಿರದಲ್ಲೇ ಇದೆ. ಆರ್ಥೊಡಾಂಟಿಕ್ಸ್ ವಿಭಾಗವಿರುವ ಯಾವ ದಂತ ಕಾಲೇಜಿಗೂ ಅದು ಪಾಟಿ ಬಳಪವಿದ್ದಂತೆ, ಇಲ್ಲದೆ ಪಾಠವೇ ನಡೆಯದು. ಚಿತ್ರದುರ್ಗದಲ್ಲಿ ಎಸ್‌ಜೆಎಂ ದಂತ ಕಾಲೇಜಿದೆ, ಸುಮಾರು ಅರವತ್ತು ಕಿಲೋಮೀಟರ್ ದೂರದ ದಾವಣಗೆರೆಯಲ್ಲಿ ಬಾಪೂಜಿ ಕಾಲೇಜೂ ಸೇರಿ ಎರಡಿವೆ. ಜಿಲ್ಲೆಯ ಜನಕ್ಕೆ ಹಲ್ಲಿನ ಡಾಕ್ಟರು ಅಪರಿಚಿತರೂ ಅಲ್ಲ. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಹಲ್ಲು ಹಳದಿ, ಕಂದಾದ ಊರುಗಳು ಹೊಸದುರ್ಗ, ಹಿರಿಯೂರು ತಾಲ್ಲೂಕುಗಳಲ್ಲಿ ಬೇಕಾದಷ್ಟಿವೆ. (ಫ್ಲೋರೈಡಿಗೂ ಗೊರಕೆಗೂ ಸಂಬಂಧವಿಲ್ಲ, ಡಾಕ್ಟರ ಪರಿಚಯವಾದದ್ದಷ್ಟೇ ಅದರ ಪುಣ್ಯ.) ಹದಿನೆಂಟರ ಹುಡುಗನ ವಕ್ರದಂತಕ್ಕೆಂದು ತೆಗೆದ ಫಿಲಂನಲ್ಲಿ ಗಂಟಲೂ ಮೂಡಿರುತ್ತದೆ. ಅದನ್ನು ನೋಡಲು ಇನ್ನೊಂದು ಎಕ್ಸ್‌ರೇ ಬೇಡ, ಖರ್ಚಿಲ್ಲ, ಇನ್ನೊಂದು ಅರೆನಿಮಿಷ ಬೇಕು. ಹಲ್ಲು ಮಾತ್ರ ನೋಡಿ ಫಿಲಂ ಕವರಿಗೆ ಸೇರಿಸುವ ಅಭ್ಯಾಸ ಬಿಟ್ಟು, ಹಯಾಯ್ಡ್ ಎಲ್ಲಿದೆ, ನಾಲಿಗೆಯ ಹಿಂದೆ ಜಾಗವೆಷ್ಟಿದೆ ಎಂದು ಕಣ್ಣಾಡಿಸಿ, ಅನುಮಾನ ಬಂದರೆ ‘ರಾತ್ರಿ ಗೊರಕೆ ಹೊಡೆಯುತ್ತೀಯಾ?’ ಎಂದು ಕೇಳುವ ಒಬ್ಬ ದಂತವೈದ್ಯ ಮುಂದೆ ಬಹಳ ತೊಂದರೆ ತಪ್ಪಿಸಬಲ್ಲ. ಹುಡುಗನಿಗೆ ಗೊತ್ತಿರುವುದಿಲ್ಲ. ಜೊತೆಗೆ ಬಂದ ತಾಯಿಗೆ ಗೊತ್ತಿರುತ್ತದೆ.

ಎಕ್ಸ್‌ರೇಗೂ ಮೊದಲು ಖರ್ಚಿಲ್ಲದ ಎರಡು ಪರೀಕ್ಷೆಗಳನ್ನು ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮಾಡಬಹುದು. ಒಂದು, ಟೊರಾಂಟೊದ ಅರಿವಳಿಕೆ ತಜ್ಞೆ ಫ್ರಾನ್ಸಿಸ್ ಚುಂಗ್ 2008ರಲ್ಲಿ ರೂಪಿಸಿದ ಎಂಟು ಪ್ರಶ್ನೆಗಳ ಪಟ್ಟಿ: ಜೋರು ಗೊರಕೆ ಇದೆಯೇ, ಹಗಲು ಸುಸ್ತೇ, ನಿದ್ದೆಯಲ್ಲಿ ಉಸಿರು ನಿಲ್ಲುವುದನ್ನು ಯಾರಾದರೂ ಕಂಡಿದ್ದಾರೆಯೇ, ರಕ್ತದೊತ್ತಡವಿದೆಯೇ, ತೂಕ ಹೆಚ್ಚೇ, ವಯಸ್ಸು 50 ದಾಟಿದೆಯೇ, ಕತ್ತಿನ ಸುತ್ತಳತೆ 40 ಸೆಂಟಿಮೀಟರಿಗಿಂತ ಹೆಚ್ಚೇ, ಗಂಡಸೇ. ಮೂರಕ್ಕೆ ‘ಹೌದು’ ಬಂದರೆ ಯೋಚಿಸಬೇಕು, ಐದಕ್ಕೆ ಬಂದರೆ ತಡಮಾಡಬಾರದು. ದರ್ಜಿಯ ಟೇಪು ಇದ್ದರೆ ಸಾಕು. ಇನ್ನೊಂದು, ಬಾಯಿ ದೊಡ್ಡದಾಗಿ ತೆರೆದು ನಾಲಿಗೆ ಚಾಚಿಸಿ ಕಿರುನಾಲಿಗೆ ಎಷ್ಟು ಕಾಣುತ್ತದೆ ಎಂದು ನೋಡುವುದು. 1985ರಲ್ಲಿ ಇದನ್ನು ಹೇಳಿಕೊಟ್ಟವರು ಬಾಸ್ಟನ್‌ನಲ್ಲಿದ್ದ, ನಮ್ಮ ನೆರೆಯ ಆಂಧ್ರ ಮೂಲದ ಶೇಷಗಿರಿ ರಾವ್ ಮಲ್ಲಂಪಾಟಿ. ಅರಿವಳಿಕೆ ಕೊಡುವಾಗ ಗಂಟಲಿಗೆ ಕೊಳವೆ ಇಳಿಸುವುದು ಎಷ್ಟು ಕಷ್ಟ ಎಂದು ಅಂದಾಜಿಸಲು ಅವರು ರೂಪಿಸಿದ ಕ್ರಮ ಈಗ ಗೊರಕೆಯ ವಿಚಾರಣೆಗೂ ಬಳಕೆಯಾಗುತ್ತಿದೆ.

ಮಕ್ಕಳ ವಿಷಯವೇ ಬೇರೆ, ಅಲ್ಲಿ ಎಕ್ಸ್‌ರೇ ಹೆಚ್ಚು ನೇರವಾಗಿ ಕೆಲಸಕ್ಕೆ ಬರುತ್ತದೆ. ಐದಾರು ವರ್ಷದ ಮಗು ಬಾಯಿ ತೆರೆದು ಮಲಗುವುದು, ಗೊರಕೆ ಹೊಡೆಯುವುದು, ಮಗ್ಗುಲು ಬದಲಿಸಿ ಬದಲಿಸಿ ಬೆವರುವುದು, ಹಾಸಿಗೆ ಒದ್ದೆ ಮಾಡುವುದು, ಹಗಲು ಸಿಡಿಮಿಡಿ. ಇವೆಲ್ಲ ಒಟ್ಟಿಗಿದ್ದರೆ ಹೆಚ್ಚಿನ ಸಲ ತಪ್ಪು ದವಡೆಯದಲ್ಲ, ಮೂಗಿನ ಹಿಂದೆ ಬೆಳೆದ ಅಡಿನಾಯ್ಡ್ ಗಡ್ಡೆಯದ್ದೋ ಟಾನ್ಸಿಲ್‌ನದ್ದೋ. ಅಡಿನಾಯ್ಡ್ ಬಾಯಿ ತೆರೆಸಿದರೂ ಕಾಣುವುದಿಲ್ಲ. ಕತ್ತನ್ನು ಪಕ್ಕದಿಂದ ತೆಗೆದ ಒಂದು ಸಾದಾ ಎಕ್ಸ್‌ರೇಯಲ್ಲಿ ಕಾಣುತ್ತದೆ. ಅದಕ್ಕೆ ದಂತ ಕಾಲೇಜೂ ಬೇಡ, ಎಕ್ಸ್‌ರೇ ಯಂತ್ರವಿರುವ ತಾಲ್ಲೂಕು ಆಸ್ಪತ್ರೆ ಸಾಕು. ಗಡ್ಡೆಯ ದಪ್ಪವನ್ನು ಅಲ್ಲಿರುವ ಒಟ್ಟು ಜಾಗದಿಂದ ಭಾಗಿಸಿ, 0.8ಕ್ಕಿಂತ ಹೆಚ್ಚಾದರೆ ದಾರಿ ಮುಚ್ಚುವಷ್ಟು ಬೆಳೆದಿದೆ ಎಂದು ತಿಳಿಯುವ ಲೆಕ್ಕವನ್ನು ಫುಜಿಯೋಕಾ ಮತ್ತು ಸಂಗಡಿಗರು 1979ರಲ್ಲೇ ಕೊಟ್ಟಿದ್ದಾರೆ. ವರ್ಷಗಟ್ಟಲೆ ಬಾಯಲ್ಲಿ ಉಸಿರಾಡಿದ ಮಗುವಿನ ಮುಖ ಉದ್ದವಾಗಿ, ಮೇಲಂಗುಳ ಕಿರಿದಾಗಿ ಬೆಳೆಯುವ ಸಾಧ್ಯತೆಯಿದೆ. ಮುಂದೆ ದೊಡ್ಡವನಾದಾಗ ಸೆಫಲೋಗ್ರಾಮ್‌ನಲ್ಲಿ ಕಾಣುವ ಇಕ್ಕಟ್ಟಿಗೆ ಕೆಲವೊಮ್ಮೆ ಬೀಜ ಬೀಳುವುದು ಇಲ್ಲಿ. ‘ಅಪ್ಪನ ಹಾಗೇ ಗೊರಕೆ ಹೊಡೆಯುತ್ತೆ’ ಎಂದು ಮಗುವಿನ ಗೊರಕೆಯನ್ನು ಮುದ್ದು ಮಾಡುವ ಮನೆಗಳು ಈ ಮಾತನ್ನು ಗಮನಿಸಬೇಕು.

ಜಿಲ್ಲೆಗೆ ಗೊರಕೆ ಮನೆಯೊಳಗಿನ ಮಾತಾಗಿ ಉಳಿಯದಿರಲು ಇನ್ನೊಂದು ಕಾರಣ ಹಿರಿಯೂರು, ಚಿತ್ರದುರ್ಗಗಳನ್ನು ಹಾದು ಪುಣೆ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48. ನಸುಕಿನ ಹೊತ್ತು, ನೇರ ರಸ್ತೆ, ಭಾರದ ಲಾರಿ, ರಾತ್ರಿ ಬಸ್ಸು. ‘ಚಾಲಕ ನಿದ್ದೆಗೆ ಜಾರಿದ್ದೇ ಕಾರಣ ಎನ್ನಲಾಗಿದೆ’ ಎಂಬ ಸಾಲು ಪತ್ರಿಕೆ ಓದುವವರಿಗೆ ಹೊಸದಲ್ಲ. ಯಾಕೆ ಜಾರಿದ ಎಂದು ಮುಂದಕ್ಕೆ ಯಾರೂ ಕೇಳುವುದಿಲ್ಲ. ಎಡೆಬಿಡದ ದುಡಿಮೆ ಒಂದು ಕಾರಣ, ಚಿಕಿತ್ಸೆ ಕಾಣದ ಆಪ್ನಿಯಾ ಇನ್ನೊಂದು ಇರಬಹುದು. ಚಾಲನಾ ಪರವಾನಗಿಗೆ ತುಂಬಿಕೊಡುವ ನಮೂನೆ 1ರಲ್ಲಿ ಅಪಸ್ಮಾರವಿದೆಯೇ, ತಲೆಸುತ್ತಿ ಬೀಳುತ್ತೀರಾ, ಇರುಳುಗಣ್ಣು ಇದೆಯೇ, ಕಿವುಡಿದೆಯೇ ಎಂದೆಲ್ಲ ಪ್ರಶ್ನೆಗಳಿವೆ. ಕೂತಲ್ಲೇ ನಿದ್ದೆ ಬರುತ್ತದೆಯೇ ಎಂಬುದಿಲ್ಲ. ಅದೊಂದು ಸಾಲು ಸೇರಿಸಿದರೆ ಯಾರೂ ನಿಜ ಬರೆಯಲಿಕ್ಕಿಲ್ಲ. ಆದರೂ ಡಾಕ್ಟರಿಗೆ ಕೇಳುವ ನೆಪವಾದರೂ ಸಿಕ್ಕೀತು.

ಚಿಕಿತ್ಸೆಯ ಮಾತು ಬಂದಾಗ ನಮ್ಮ ಕಡೆ ಮೊದಲು ಕೇಳಿಬರುವುದು ಯೋಗ, ಪ್ರಾಣಾಯಾಮ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿಯವರಿಂದ ತಲೆಮಾರುಗಳೇ ಯೋಗ ಕಲಿತ ಸೀಮೆ ಇದು, ಕೇಳಿಬಂದರೆ ಆಶ್ಚರ್ಯವಿಲ್ಲ. ತೂಕ ಇಳಿದರೆ, ಗಂಟಲ ಸ್ನಾಯು ಗಟ್ಟಿಯಾದರೆ ಸೌಮ್ಯ ಆಪ್ನಿಯಾ ತಗ್ಗುವುದುಂಟು. ಆಸ್ಟ್ರೇಲಿಯದ ಮೂಲನಿವಾಸಿಗಳ ಡಿಜರಿಡೂ ಎಂಬ ಉದ್ದ ಕೊಳವೆವಾದ್ಯವನ್ನು ನಾಲ್ಕು ತಿಂಗಳು ಊದಿದವರಿಗೆ ಆಪ್ನಿಯಾ ಕಡಿಮೆಯಾಯಿತೆಂದು ಸ್ವಿಟ್ಜರ್ಲೆಂಡಿನ ವೈದ್ಯರು 2006ರಲ್ಲಿ ಒಂದು ಸಣ್ಣ ಪ್ರಯೋಗದಲ್ಲಿ ತೋರಿಸಿದ್ದಾರೆ. ನಮ್ಮ ನಾಗಸ್ವರದವರನ್ನು ಯಾರಾದರೂ ಪರೀಕ್ಷಿಸಬೇಕು! ಆದರೆ 74 ಡಿಗ್ರಿಯಲ್ಲಿ ನಿಂತ ಕೆಳದವಡೆಯನ್ನು ಯಾವ ಆಸನವೂ 80ಕ್ಕೆ ತರಲಾರದು. ತೀವ್ರ ಆಪ್ನಿಯಾಕ್ಕೆ ಸಿಪ್ಯಾಪ್ ಯಂತ್ರವೇ ಮೊದಲ ಆಯ್ಕೆ. ಹತ್ತಾರು ಸಾವಿರ ರೂಪಾಯಿಯ ಯಂತ್ರ ಅದು, ಕೊಂಡವರೆಲ್ಲ ಹಾಕಿಕೊಳ್ಳುತ್ತಾರೆಂದೂ ಅಲ್ಲ.

ಸೌಮ್ಯ, ಮಧ್ಯಮ ಹಂತದವರಿಗೆ ದಂತವೈದ್ಯರೇ ಮಾಡಿಕೊಡುವ ಇನ್ನೊಂದು ಸಾಧನವಿದೆ. ಮೇಲಿನ, ಕೆಳಗಿನ ಹಲ್ಲುಸಾಲಿಗೆ ಕೂರುವ ಎರಡು ಅಚ್ಚುಗಳು ಸೇರಿ ರಾತ್ರಿ ಹೊತ್ತು ಕೆಳದವಡೆಯನ್ನು ಕೆಲವು ಮಿಲಿಮೀಟರ್ ಮುಂದೆ ಹಿಡಿದಿಡುತ್ತವೆ. ದವಡೆಯ ಜೊತೆಗೆ ನಾಲಿಗೆಯೂ ಮುಂದೆ ಬರುತ್ತದೆ. ಇದು ಯಾರಿಗೆ ಒಗ್ಗೀತು, ಎಷ್ಟು ಮುಂದೆ ತರಬೇಕು ಎಂದು ಯೋಚಿಸುವಾಗ ಸೆಫಲೋಗ್ರಾಮ್ ನಿಜವಾಗಿ ಕೈಹಿಡಿಯುತ್ತದೆ. ಸಾಧನ ಬಾಯಲ್ಲಿಟ್ಟುಕೊಂಡೇ ಇನ್ನೊಂದು ಚಿತ್ರ ತೆಗೆದು ನಾಲಿಗೆಯ ಹಿಂದಿನ ತೆರಪು ಎಷ್ಟು ಹಿಗ್ಗಿತು ಎಂದು ನೋಡುವ ವೈದ್ಯರೂ ಇದ್ದಾರೆ. ಹಿಗ್ಗಿದ ಮಾತ್ರಕ್ಕೆ ಗುಣವಾಯಿತು ಎನ್ನುವಂತಿಲ್ಲ; ಸಾಧನ ಹಾಕಿಕೊಂಡು ಮಲಗಿ ಮತ್ತೊಮ್ಮೆ ನಿದ್ರಾ ಪರೀಕ್ಷೆ ಮಾಡಿಸಿದಾಗ ಗಂಟೆಯ ಲೆಕ್ಕ ಇಳಿದಿರಬೇಕು. ವರ್ಷಗಟ್ಟಲೆ ಬಳಸಿದವರ ಮೇಲಿನ ಮುಂದಿನ ಹಲ್ಲು ತುಸು ಒಳಕ್ಕೆ, ಕೆಳಗಿನದು ತುಸು ಹೊರಕ್ಕೆ ವಾಲಿ ಕಚ್ಚುವ ರೀತಿ ಬದಲಾಗುವುದೂ ಉಂಟು. ಅದು ಎಷ್ಟು ಬದಲಾಯಿತು ಎಂದು ತಿಳಿಯಲು ಹಳೆಯ ಚಿತ್ರದ ಮೇಲೆ ಹೊಸದನ್ನು ಇಟ್ಟು ನೋಡಬೇಕು. ಹಾಗಾಗಿ ಮೊದಲ ಸಲ ಎಕ್ಸ್‌ರೇ ತೆಗೆಸಿದಾಗ ಬರೀ ಕಾಗದದ ಮುದ್ರಣ ಪಡೆದು ಬರಬೇಡಿ, ಅಳತೆಯ ಪಟ್ಟಿ ಮೂಡಿರುವ ಮೂಲ ಡಿಜಿಟಲ್ ಪ್ರತಿಯನ್ನೇ ಕೇಳಿ ಪಡೆಯಿರಿ. ಮುದ್ರಣ ಯಾವ ಗಾತ್ರಕ್ಕೆ ಕುಗ್ಗಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲ, ಅದರ ಮೇಲೆ ಮಿಲಿಮೀಟರ್ ಎಣಿಸಲೂ ಆಗುವುದಿಲ್ಲ.